ತಮ್ಮನಿಗೆ ಮೊದಲು ಕೇಳಿಸು

ಪ್ರೀತಿಯ ಅಳಿಯನಿಗೆ ಗದಗಿನಿಂದ ಮಾಮಾನ ಆಶೀರ್ವಾದಗಳು.

ತಮ್ಮನಿಗಾಗಿ ಕಟ್ಟಿ ನೀನು ಕಳಿಸಿದ ಹಾಡನ್ನು ಮೂರು ಸಲ ಕೇಳಿದೆ. ವೀರೇಶ್ವರ ಪುಣ್ಯಾಶ್ರಮದ ಸಂಗೀತ ಕೇಳಿ ಬೆಳೆದ ಕಿವಿ ನನ್ನದು. ಮೊದಲ ಸಲ ಡ್ರಮ್ಮಿನ ಅಬ್ಬರದಲ್ಲಿ ಮಾತು ಸಿಗಲಿಲ್ಲ. ಮೂರನೇ ಸಲ, ಕೊನೆಗೆ ಗಿಟಾರ್ ಎಲ್ಲ ನಿಂತು ಬೇಸ್ ಒಂದೇ ಗುಂಯ್ ಅನ್ನುವಾಗ ನೀನು ‘ಉಂಡ್ಯೇನೋ ತಮ್ಮಾ’ ಅಂತ ಕೇಳ್ತೀಯಲ್ಲ, ಅಲ್ಲಿ ಕಣ್ಣು ತುಂಬಿತು. ನಿಮ್ಮತ್ತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತಳು.

ಆ ಒಂದು ಸಾಲಿನಲ್ಲಿ ಇರೋದು ಇಡೀ ಪಲ್ಲವಿಯಲ್ಲಿ ಇಲ್ಲ. ಪಲ್ಲವಿಯಲ್ಲಿ ‘ಏಳೋ, ಎದ್ದು ಹೋರಾಡೋ’ ಅಂತ ಕೂಗಿದ್ದೀಯ. ಧಾರವಾಡದ ಸಪ್ತಾಪುರದ ಆ ಸಣ್ಣ ರೂಮಿನಲ್ಲಿ ನಾಲ್ಕು ವರ್ಷದಿಂದ ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಾ ಕೂತ ಹುಡುಗನಿಗೆ ‘ಏಳು’ ಅನ್ನುವವರಿಗೆ ಕೊರತೆಯೇ? ಕೋಚಿಂಗ್ ಕ್ಲಾಸಿನ ಗೋಡೆ ಅದನ್ನೇ ಹೇಳುತ್ತದೆ. ಅಪ್ಪನ ಫೋನೂ ಅದನ್ನೇ ಹೇಳುತ್ತದೆ. ಊಟ ಆಯಿತಾ ಅಂತ ಕೇಳುವವರು ಕಡಿಮೆ. ಆ ಕೂಗು ತೆಗೆದುಬಿಡು. ಶಿಶುನಾಳ ಶರೀಫರು ತಮ್ಮ ಪದದಲ್ಲಿ ಎಂಥಾ ಗಹನ ವಿಚಾರ ಹೇಳುವಾಗಲೂ ‘ತಂಗಿ’ ಅಂತ ಹತ್ತಿರ ಕರೆದು ಹೇಳ್ತಾರೆ, ಅಲ್ವಾ? ಹಾಗೆ ಹಾಡು.

ದನಿ ಒಡೆಯುವ ಕಡೆ ಕಂಪ್ಯೂಟರಿನಲ್ಲಿ ಸರಿ ಮಾಡಿಸ್ತೀನಿ ಅಂದಿದ್ದೀಯ. ಬೇಡಪ್ಪ. ನಿಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ (1913–2009) ಅವರಿಗೆ ಗಂಟಲಿನ ತೊಂದರೆಯಾಗಿ, ಚಿಕಿತ್ಸೆ ಆದ ಮೇಲೆ ದನಿ ಗಡಸಾಯಿತು. ಅದನ್ನು ಮುಚ್ಚಿಡಲಿಲ್ಲ, ಅದರಲ್ಲೇ ಹಾಡಿದರು. ನಿನ್ನ ದನಿ ತಮ್ಮನ ಹೆಸರು ಹಿಡಿಯುವಾಗ ಒಡೆದರೆ ಒಡೆಯಲಿ.

ಇನ್ನು ನಾನು ಪತ್ರ ಬರೆಯಲು ಕೂತ ಕಾರಣ. ಮುಂದಿನ ತಿಂಗಳು ಕಾಲೇಜಿನ ವೇದಿಕೆಯಲ್ಲಿ ಇದನ್ನು ಹಾಡಿ ತಮ್ಮನಿಗೆ ಸರ್‌ಪ್ರೈಸ್ ಕೊಡ್ತೀನಿ ಅಂದಿದ್ದೀಯ. ಹಾಗೆ ಮಾಡಬೇಡ.

ನಿನ್ನ ದೊಡ್ಡ ಮಾಮಾ ಕುಡಿತಕ್ಕೆ ಬಿದ್ದ ಕಾಲದಲ್ಲಿ ನಾನೊಂದು ಕವಿತೆ ಬರೆದಿದ್ದೆ. ಅಣ್ಣಾ ಮನೆಗೆ ಬಾ ಅನ್ನುವ ಕವಿತೆ. ನವರಾತ್ರಿಯ ಕವಿಗೋಷ್ಠಿಯಲ್ಲಿ ಓದಿದೆ. ಚಪ್ಪಾಳೆ ಜೋರಾಗಿ ಬಿತ್ತು. ತಲೆ ಎತ್ತಿ ನೋಡಿದರೆ ಹಿಂದಿನ ಬಾಗಿಲ ಹತ್ತಿರ ಅಣ್ಣ. ಬಗ್ಗಿ ಚಪ್ಪಲಿ ಹುಡುಕುತ್ತಿದ್ದ. ಎಡಗಾಲಿನದು ಸಿಕ್ಕಿರಲಿಲ್ಲ, ಕಾಲಿನಿಂದ ತಡವುತ್ತಿದ್ದ. ನಾನು ಅವನಿಗಾಗಿ ಬರೆದೆ ಅಂದುಕೊಂಡಿದ್ದೆ, ಕೇಳಿಸಿದ್ದು ಊರಿಗೆ. ಅವನು ಒಂದು ಮಾತೂ ಬೈಯಲಿಲ್ಲ. ನನ್ನ ಕವಿತೆಯ ಬಗ್ಗೆ ಸಾಯುವ ತನಕ ಬಾಯಿ ಬಿಡಲಿಲ್ಲ. ಆ ಹಾಳೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ, ತೆಗೆದು ಓದಲು ಆಗೋದಿಲ್ಲ.

ಅದಕ್ಕೇ ಹೇಳ್ತೀನಿ, ಹಾಡು ಮೊದಲು ತಮ್ಮನ ಕಿವಿಗೆ ಬೀಳಲಿ. ಚಿಗರಿ ಬಸ್ ಹತ್ತಿದರೆ ಧಾರವಾಡ ಎಷ್ಟು ದೂರ? ಗಿಟಾರ್ ಒಂದನ್ನೇ ತಗೊಂಡು ಹೋಗು. ಮೊದಲು ಇಬ್ಬರೂ ಎಲ್ಲಾದರೂ ಗಿರಮಿಟ್ಟು, ಮಿರ್ಚಿ ತಿನ್ನಿ. ಅವನಿಗೆ ಕೇಳುವ ಮನಸ್ಸಿದ್ದರೆ ರೂಮಿನಲ್ಲಿ ಮೆಲ್ಲಗೆ ಹಾಡು. ಇಲ್ಲದಿದ್ದರೆ ಸುಮ್ನೆ ಅವನ ಜೊತೆ ಕೂತು ಬಾ. ವೇದಿಕೆಯಲ್ಲಿ ಹಾಡಬೇಡ ಅಂತ ಅವನು ಅಂದರೆ ಹಾಡಬೇಡ. ಅದು ಅವನ ಹಕ್ಕು.

ನಿದ್ದೆ ಬರ್ತಿಲ್ಲ ಅಂತ ಅವನು ನಿಮ್ಮವ್ವನ ಹತ್ತಿರ ಹೇಳಿದ್ದನಂತೆ. ಅದನ್ನು ನೇರವಾಗಿ ಕೇಳು. ಬದುಕೋದೇ ಬೇಡ ಅನ್ನುವಂಥ ಮಾತು ಬಂದರೆ ಒಬ್ಬನನ್ನೇ ಬಿಟ್ಟು ಬರಬೇಡ. ಮನಸ್ಸಿನ ಕಾಯಿಲೆ ನೋಡುವ ಡಿಮ್ಹಾನ್ಸ್ ಆಸ್ಪತ್ರೆ ಧಾರವಾಡದಲ್ಲೇ ಇದೆ, ಜೊತೆಗೆ ಕರ್ಕೊಂಡು ಹೋಗು. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ನಂಬರು 14416, ರಾತ್ರಿಯೂ ಫೋನ್ ಎತ್ತುತ್ತಾರೆ. ನನಗೂ ಯಾವ ಹೊತ್ತಿಗಾದರೂ ಫೋನ್ ಮಾಡು.

ನಿಮ್ಮತ್ತಿ ಶೇಂಗಾ ಹೋಳಿಗೆ ಮಾಡಿದ್ದಾಳೆ. ಶನಿವಾರ ಹುಬ್ಬಳ್ಳಿಗೆ ಬರುವವರ ಕೈಯಲ್ಲಿ ಎರಡು ಡಬ್ಬಿ ಕಳಿಸುತ್ತೇನೆ. ತಮ್ಮನ ಡಬ್ಬಿ ನೀನೇ ಒಯ್ದು ಕೊಡು.

ನಿನ್ನ ಮಾಮಾ
ಗದಗ