ಹತ್ತನೇ ದಂಟು

ಶ್ರೂಸ್‌ಬರಿ, ಇಂಗ್ಲೆಂಡ್
ಸೆಪ್ಟೆಂಬರ್ 28

ಪ್ರೀತಿಯ ಪುಟ್ಟಿ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ. ನಿಮ್ಮ ದೊಡ್ಡಪ್ಪನ ಮಂಡಿನೋವು ಹಾಗೇ ಇದೆ, ಆದರೂ ದಿನಾ ನನ್ನ ಜೊತೆ ತೋಟಕ್ಕೆ ಬರುತ್ತಾರೆ.

ಜುಲೈನಲ್ಲಿ ನೀನು ಫೋನ್ ಮಾಡಿದಾಗ ಗಂಟಲು ಕಟ್ಟಿತ್ತು. ಒಂಬತ್ತು ತಿಂಗಳು ಸಾಕಿದ ಸ್ವೀಟ್ ಪೀ ಹೂವು, ಪ್ರದರ್ಶನದ ತೀರ್ಪುಗಾರರು ಒಂದು ಸಲ ಎಣಿಸಿ, ಕಾರ್ಡಿನ ಮೇಲೆ ‘ಎನ್.ಎ.ಎಸ್.’ ಅಂತ ಬರೆದು ಮುಂದಕ್ಕೆ ಹೋಗಿಬಿಟ್ಟರು ಅಂದೆ. ‘ನಾಟ್ ಆಸ್ ಶೆಡ್ಯೂಲ್’, ಅಂದರೆ ಸ್ಪರ್ಧೆಯ ನಿಯಮಪಟ್ಟಿಯಲ್ಲಿ (ಶೆಡ್ಯೂಲ್) ಕೇಳಿದ ಹಾಗೆ ಇಲ್ಲ. ಒಂಬತ್ತು ದಂಟು ಕೇಳಿದ್ದರು, ನೀನು ಹತ್ತು ಇಟ್ಟಿದ್ದೆ. ಆವತ್ತು ನಾನು ಬರೀ ಸಮಾಧಾನ ಹೇಳಿದೆ. ಅಳುವ ಹುಡುಗಿಗೆ ಪಾಠ ಹೇಳಬಾರದು ಅಂತ ಸುಮ್ಮನಾದೆ. ಈಗ ಹೇಳುತ್ತೇನೆ, ಯಾಕೆಂದರೆ ಇನ್ನು ಎರಡು ವಾರಕ್ಕೆ ಬಿತ್ತನೆ ಕಾಲ.

ನೀನು ಕಳಿಸಿದ ಫೋಟೊವನ್ನು ಎಷ್ಟೋ ಸಲ ದೊಡ್ಡದು ಮಾಡಿ ನೋಡಿದೆ. ಒಂದು ದಂಟು ತೆಗೆದಿದ್ದರೂ ಬಹುಮಾನ ಬರುತ್ತಿರಲಿಲ್ಲ ಮಗೂ. ಎಡಗಡೆಯ ಎರಡು ದಂಟುಗಳಲ್ಲಿ ಕೆಳಗಿನ ಹೂವಿನ ಅಂಚು ಆಗಲೇ ಈರುಳ್ಳಿ ಸಿಪ್ಪೆಯ ಹಾಗಾಗಿತ್ತು. ಮಧ್ಯದ್ದು ಎಲ್ಲಕ್ಕಿಂತ ಉದ್ದ, ಆದರೆ ಅದರ ಮೂರನೇ ಹೂವು ಬೆನ್ನು ತಿರುಗಿಸಿ ನಿಂತಿತ್ತು. ಇದು ನಿನ್ನ ಕಣ್ಣಿಗೂ ಬಿದ್ದಿರುತ್ತದೆ. ಬಿದ್ದರೂ ತೆಗೆಯಲು ಮನಸ್ಸು ಬರಲಿಲ್ಲ, ಅಲ್ವಾ? ನೀನು ಚಿಕ್ಕವಳಿದ್ದಾಗಲೂ ಹೀಗೇ. ಗೊಂಬೆ ಹಬ್ಬದಲ್ಲಿ ಕೈ ಮುರಿದ ಗೊಂಬೆಯನ್ನೂ ಮೆಟ್ಟಿಲ ಮೇಲೆ ಕೂರಿಸಬೇಕು ಅಂತ ಹಟ ಮಾಡುತ್ತಿದ್ದೆ. ಅದು ಒಳ್ಳೆಯ ಮನಸ್ಸು. ಆದರೆ ಸ್ಪರ್ಧೆಗೆ ಸ್ವೀಟ್ ಪೀ ಬೆಳೆಯುವುದರಲ್ಲಿ ಮುಕ್ಕಾಲು ಪಾಲು ಕೆಲಸ ತೆಗೆಯುವುದೇ. ಚಿಗುರು ತೆಗಿ, ಸುರುಳಿ ಎಳೆ ತೆಗಿ, ಹೂವು ತೆಗಿ, ಕೊನೆಗೆ ಆ ಹತ್ತನೇ ದಂಟು ತೆಗಿ. ಮುಂದಿನ ವರ್ಷ ಗೊಬ್ಬರ ಜಾಸ್ತಿ ಹಾಕುತ್ತೇನೆ ಅಂದೆಯಲ್ಲ, ಅದು ಬೇಡ. ಗೊಬ್ಬರ ಜಾಸ್ತಿಯಾದರೆ ಎಲೆ ಕೊಬ್ಬುತ್ತದೆ, ಮೊಗ್ಗು ಹಳದಿಯಾಗಿ ಉದುರುತ್ತದೆ.

ಈ ಪತ್ರದ ಜೊತೆ ಮೂರು ಪೊಟ್ಟಣ ಇದೆ. ಕೆನೆ ಬಣ್ಣದ್ದು ‘ಜಿಲ್ಲಿ’, ಗುಲಾಬಿ ‘ಮಿಸೆಸ್ ಬರ್ನಾರ್ಡ್ ಜೋನ್ಸ್’, ಕಪ್ಪುಗೆಂಪಿನದು ‘ವಿಂಡ್ಸರ್’. ಕಿತ್ತಳೆ ಬಣ್ಣದ ಜಾತಿ ಬೇಕೆಂದೇ ಕಳಿಸಿಲ್ಲ. ಬಿಸಿಲಿಗೆ ಅದರ ಅಂಚು ಸುಡುತ್ತದೆ, ನೆರಳು ಕಟ್ಟಬೇಕಾಗುತ್ತದೆ. ಮೊದಲು ಈ ಮೂರು ಕೈಗೆ ಹತ್ತಲಿ.

ಅಕ್ಟೋಬರ್ ಎರಡನೇ ವಾರ ಆಳವಾದ ಕುಂಡದಲ್ಲಿ ಬಿತ್ತು. ಈ ಗಿಡದ ಬೇರು ಕೆಳಕ್ಕೇ ಇಳಿಯುತ್ತದೆ, ಅಗಲ ತಟ್ಟೆ ಉಪಯೋಗವಿಲ್ಲ. ಕೆಲವು ಬೀಜದ ಸಿಪ್ಪೆ ಗಟ್ಟಿ. ಒದ್ದೆ ಕಾಗದದಲ್ಲಿ ಒಂದು ರಾತ್ರಿ ಇಟ್ಟರೂ ಊದದೇ ಇದ್ದವನ್ನು ಮಾತ್ರ ಉಗುರು ಕತ್ತರಿಯಿಂದ ಚೂರು ಕೆರೆ, ಬೀಜದ ಕಣ್ಣಿಗೆ ಎದುರು ಬದಿಯಲ್ಲಿ. ಇಲಿಗಳಿಗೆ ಈ ಬೀಜ ಅಂದರೆ ಪ್ರಾಣ, ಕುಂಡದ ಮೇಲೆ ಸಣ್ಣ ಕಣ್ಣಿನ ತಂತಿಬಲೆ ಮುಚ್ಚು. ಮೊಳಕೆ ಬಂದ ಮೇಲೆ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಹೊರಗೇ ಇರಲಿ. ಪಾಪ ಚಳಿ ಅಂತ ಅಡುಗೆಮನೆ ಕಿಟಕಿಗೆ ತಂದಿಟ್ಟೆಯೋ, ಗಿಡ ಸೊರಗಿ ನೂಲಿನ ಹಾಗೆ ಎಳೆದುಕೊಳ್ಳುತ್ತದೆ. ಅದಕ್ಕೆ ಚಳಿ ಬೇಕು. ಮುಚ್ಚಳ ತೆರೆದಿರಲಿ, ತೀರಾ ಹೆಪ್ಪುಗಟ್ಟುವ ರಾತ್ರಿ ಮುಚ್ಚಿದರೆ ಸಾಕು. ಎರಡು ಜೊತೆ ಎಲೆ ಬಂದ ಮೇಲೆ ತುದಿ ಚಿವುಟು. ಬುಡದಿಂದ ಬರುವ ಪಕ್ಕದ ಚಿಗುರೇ ನಮಗೆ ಬೇಕಾದ ಗಟ್ಟಿ ಚಿಗುರು.

ಮಾರ್ಚ್ ಕೊನೆಗೆ ನೆಲಕ್ಕೆ ಇಳಿಸು. ಎಂಟು ಅಡಿಯ ಬಿದಿರು ಕೋಲು, ಕೋಲಿನಿಂದ ಕೋಲಿಗೆ ಒಂದು ಗೇಣು. ಇಲ್ಲಿಯವರು ಒಂಬತ್ತು ಇಂಚು ಅಂತ ಟೇಪು ಹಿಡಿದು ಅಳೆಯುತ್ತಾರೆ, ನಾನು ಇವತ್ತಿಗೂ ಗೇಣು ಹಾಕುತ್ತೇನೆ, ಸರಿಯಾಗಿ ಬರುತ್ತದೆ. ಎರಡು ವಾರ ಬಿಟ್ಟು ಪ್ರತಿ ಗಿಡದಲ್ಲಿ ಒಂದೇ ಒಂದು ಚಿಗುರು ಉಳಿಸಿ ಉಳಿದದ್ದನ್ನು ಕತ್ತರಿಸು. ಅಲ್ಲಿಂದ ದಿನಾ ಹತ್ತು ನಿಮಿಷ. ಪ್ರತಿ ಎಲೆ ಕಂಕುಳಲ್ಲಿ ಬರುವ ಚಿಗುರನ್ನು ತೆಗೆ. ಕೋಲಿಗೆ ಸುತ್ತಿಕೊಳ್ಳುವ ಸುರುಳಿ ಎಳೆಗಳನ್ನೂ ತೆಗೆ, ಇಲ್ಲದಿದ್ದರೆ ಅವು ಪಕ್ಕದ ಹೂದಂಟನ್ನು ಹಿಡಿದು ಡೊಂಕು ಮಾಡುತ್ತವೆ. ಎಳೆ ಇಲ್ಲದ ಗಿಡಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲ, ಅದಕ್ಕೇ ತಂತಿಯ ರಿಂಗ್‌ನಲ್ಲಿ ನಾವೇ ಕೋಲಿಗೆ ಕಟ್ಟಬೇಕು. ಸಂಜೆ ಆಫೀಸಿಂದ ಬಂದು ಟೀ ಕುಡಿಯುವ ಮೊದಲು ಒಂದು ಸುತ್ತು ಹಾಕು. ಭಾನುವಾರ ಎಲ್ಲ ಸೇರಿಸಿ ಮಾಡುತ್ತೇನೆ ಅಂದರೆ ಆಗಲ್ಲ. ಮೇ ತಿಂಗಳಲ್ಲಿ ಇದು ಕಣ್ಣೆದುರೇ ಬೆಳೆಯುತ್ತದೆ.

ಜೂನ್‌ನಲ್ಲಿ ಗಿಡ ನಿನ್ನ ಹೆಗಲೆತ್ತರಕ್ಕೆ ಬಂದಾಗ ಅದನ್ನು ಇಳಿಸಬೇಕು. ಈ ವರ್ಷ ನೀನು ಇದನ್ನು ಮಾಡಲಿಲ್ಲ, ಅದಕ್ಕೇ ಪ್ರದರ್ಶನದ ಹೊತ್ತಿಗೆ ಗಿಡ ಕೋಲು ದಾಟಿ ಹೋಗಿ ದಂಟು ಗಿಡ್ಡವಾಗುತ್ತಾ ಬಂತು. ‘ಲೇಯರಿಂಗ್’ ಅಂತ ಕೇಳಿದ್ದೀಯ, ಕೈಯಲ್ಲಿ ಮಾಡಿಲ್ಲ. ಒಣ ದಿನ ನೋಡು. ಆವತ್ತು ಬೆಳಿಗ್ಗೆ ನೀರು ಹಾಕಬೇಡ. ನೀರು ತುಂಬಿದ ಕಾಂಡ ಹಸಿ ಬೀನ್ಸ್ ಹಾಗೆ ಟಪ್ಪೆಂದು ಮುರಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಚೂರು ಬಾಡಿದ ಮೇಲೆ ಮೆತ್ತಗಾಗಿರುತ್ತದೆ. ಎಲ್ಲ ರಿಂಗ್ ಬಿಚ್ಚು. ಎಡಗೈ ಬುಡದ ಹತ್ತಿರ, ಬಲಗೈ ನೆತ್ತಿಯ ಹತ್ತಿರ. ಎಣ್ಣೆ ಸ್ನಾನ ಮಾಡಿಸಲು ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತೇವಲ್ಲ, ಹಾಗೆ ಮೆಲ್ಲಗೆ ನೆಲದ ಮೇಲೆ ಉದ್ದಕ್ಕೆ ಮಲಗಿಸು. ಬಗ್ಗುವ ಜಾಗದಲ್ಲಿ ಬೆರಳು ಇಟ್ಟುಕೊಂಡೇ ಇರು, ಬಿರುಕು ಬಿಡುವ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ತುದಿಯ ಒಂದು ಅಡಿಯಷ್ಟನ್ನು ಮುಂದೆ ಎಲ್ಲಿಗೆ ಎಟಕುತ್ತದೋ ಆ ಕೋಲಿಗೆ ಎತ್ತಿ ಕಟ್ಟು. ಹೀಗೆ ಸಾಲಿನ ಪ್ರತಿ ಗಿಡವೂ ತನ್ನ ಕೋಲು ಬಿಟ್ಟು ಬೇರೆ ಕೋಲಿಗೆ ಹೋಗುತ್ತದೆ.

ಮೊದಲ ಸಲ ಇದನ್ನು ಮಾಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ನಿಂತಿದ್ದ ಹಸಿರು ಗೋಡೆಯನ್ನು ನಾನೇ ಕೈಯಾರೆ ಮಲಗಿಸಿಬಿಟ್ಟೆ ಅನ್ನಿಸಿತ್ತು. ಎರಡು ಗಿಡ ಮುರಿದಿದ್ದವು. ಎರಡು ದಿನ ಬಿಟ್ಟು ಹೋಗಿ ನೋಡಿದರೆ ನೆತ್ತಿಗಳೆಲ್ಲ ನೆಟ್ಟಗೆ ಮೇಲಕ್ಕೆ ತಿರುಗಿದ್ದವು! ಒಳ್ಳೆಯ ಹೂವು ಮತ್ತೆ ಬರಲು ಎರಡು ಮೂರು ವಾರ ಬೇಕು. ಪ್ರದರ್ಶನದ ತಾರೀಖು ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕು. ಅದಕ್ಕಿಂತ ತಡ ಮಾಡಬೇಡ.

ನಡುವೆ ಎಷ್ಟು ಹೂವು ಬಂದರೂ ಗಿಡದಲ್ಲಿ ಬಿಡಬೇಡ. ದಿನಾ ಕೊಯ್ಯಿ. ಮನೆಯಲ್ಲಿಡು, ಆಫೀಸಿಗೆ ಒಯ್ಯಿ, ಪಕ್ಕದ ಮನೆಯವರಿಗೆ ಕೊಡು. ಒಂದು ಕಾಯಿ ಕಟ್ಟಿದರೂ ಗಿಡಕ್ಕೆ ತನ್ನ ಕೆಲಸ ಮುಗಿಯಿತು ಅನ್ನಿಸಿಬಿಡುತ್ತದೆ, ಹೂವು ಕಮ್ಮಿಯಾಗುತ್ತದೆ. ಇನ್ನೊಂದು ಮುಖ್ಯ ಮಾತು. ಈ ಕಾಯಿ ನೋಡಲು ಬಟಾಣಿ ಥರಾನೇ ಇರುತ್ತದೆ, ಹೂವೂ ನಮ್ಮ ಅವರೆ ಹೂವಿನ ಬಳಗದ್ದೇ. ಆದರೆ ಬೀಜ ವಿಷ. ಊರಲ್ಲಿ ಕೇಸರಿ ಬೇಳೆ ತಿಂದು ಕಾಲು ಸೋತವರ ಸುದ್ದಿ ನಿಮ್ಮಮ್ಮ ಹೇಳಿರಬಹುದು, ಅದೂ ಇದೇ ಕುಲದ ಗಿಡ. ನಿನ್ನ ಮಗ ಈಗ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು. ಬಿತ್ತನೆ ಪೊಟ್ಟಣ ಅವನ ಕೈಗೆ ಎಟಕದ ಹಾಗೆ ಇಡು.

ಈಗ ಪ್ರದರ್ಶನದ ಹಿಂದಿನ ದಿನ. ಮೈಸೂರಲ್ಲಿ ನಮ್ಮಜ್ಜಿ ಮಲ್ಲಿಗೆ ಕೊಳ್ಳುವಾಗ ಬುಟ್ಟಿ ಮುಂದೆ ಕೂತು ಒಂದೊಂದೇ ಮೊಗ್ಗು ನೋಡುತ್ತಿದ್ದರು. ಅರಳಿದ್ದನ್ನು ಮುಟ್ಟುತ್ತಿರಲಿಲ್ಲ, ತೀರಾ ಹಸಿರು ಮೊಗ್ಗೂ ಬೇಡ. ಸಂಜೆ ಮುಡಿಯುವ ಹೊತ್ತಿಗೆ ಬಿರಿಯುವಂಥದ್ದೇ ಬೇಕು. ಅದೇ ಕಣ್ಣು ಇಲ್ಲೂ ಬೇಕು. ದಂಟಿನಲ್ಲಿ ನಾಲ್ಕು ಹೂವು, ಐದಾದರೆ ಇನ್ನೂ ಒಳ್ಳೆಯದು. ನಾಳೆ ಬೆಳಿಗ್ಗೆ ತೀರ್ಪಿನ ಹೊತ್ತಿಗೆ ಮೇಲಿನ ಹೂವು ಬಿಚ್ಚಿಕೊಂಡಿರಬೇಕು, ಕೆಳಗಿನದು ಇನ್ನೂ ಬಿಗಿಯಾಗಿರಬೇಕು. ಎಲ್ಲವೂ ಒಂದೇ ಕಡೆ ಮುಖ ಮಾಡಿರಬೇಕು, ನಡುವಿನ ಅಂತರ ಸಮ ಇರಬೇಕು. ದಂಟು ಒಂದು ಮೊಳ ಇದ್ದರೆ ಚೆಂದ, ಆದರೆ ಒಂದು ಮೊಳದ ಬಾಡಿದ ದಂಟಿಗಿಂತ ಮುಕ್ಕಾಲು ಮೊಳದ ತಾಜಾ ದಂಟು ಗೆಲ್ಲುತ್ತದೆ. ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ.

ಮಳೆ ಬರುವ ಹಾಗಿದ್ದರೆ ಮೊದಲೇ ಕೊಯ್ದುಬಿಡು, ಹನಿ ಬಿದ್ದ ದಳದಲ್ಲಿ ಕಲೆ ಉಳಿಯುತ್ತದೆ. ಇಬ್ಬನಿ ಇದ್ದಾಗಲೂ ಕೊಯ್ಯಬೇಡ. ಕೊಯ್ದ ಕೂಡಲೇ ಆಳ ನೀರಿನ ಬಕೆಟ್ಟಿಗೆ ಹಾಕಿ ಕತ್ತಲೆ ಇರುವ ತಂಪು ಜಾಗದಲ್ಲಿ ರಾತ್ರಿಯೆಲ್ಲ ಬಿಡು. ಪ್ರದರ್ಶನಕ್ಕೆ ಬಳಸುವ ಹಸಿರು ಪ್ಲಾಸ್ಟಿಕ್ ಹೂದಾನಿ, ‘ಬಿಕಿನಿ ವಾಸ್’ ಅಂತಾರಲ್ಲ, ಅದರಲ್ಲಿ ಜೊಂಡಿನ ಕಡ್ಡಿ ಒತ್ತಾಗಿ ತುಂಬಿ ಬಾಯಿ ಸಮಕ್ಕೆ ಕತ್ತರಿಸಿಕೊಂಡರೆ ದಂಟು ನಿಲ್ಲಿಸಿದಲ್ಲೇ ನಿಲ್ಲುತ್ತದೆ. ಬೀಸಣಿಗೆ ಹಾಗೆ ಜೋಡಿಸು, ಹೂವಿಗೆ ಹೂವು ತಾಗಬಾರದು. ಕಾರಿನಲ್ಲಿ ಮೂರು ದಂಟು ಜಾಸ್ತಿ ತೆಗೆದುಕೊಂಡು ಹೋಗು. 1994ರಲ್ಲಿ ಒಂದು ಹಳ್ಳಿ ಪ್ರದರ್ಶನಕ್ಕೆ ನಾನು ಕೇಳಿದಷ್ಟೇ ಹನ್ನೆರಡು ಒಯ್ದೆ. ದಾರಿಯಲ್ಲಿ ಒಂದರ ಕುತ್ತಿಗೆ ಮುರಿಯಿತು. ಹನ್ನೊಂದೇ ಇಟ್ಟೆ, ನಿನಗೆ ಸಿಕ್ಕಿದ ಕಾರ್ಡೇ ನನಗೂ ಸಿಕ್ಕಿತು. ಜಾಸ್ತಿ ಇದ್ದದ್ದು ಬಕೆಟ್ಟಿನಲ್ಲೇ ಉಳಿಯಲಿ. ಎಲ್ಲ ಮುಗಿದ ಮೇಲೆ ಶೆಡ್ಯೂಲ್ ಕೈಯಲ್ಲಿ ಹಿಡಿದು ಎರಡು ಸಲ ಎಣಿಸು. ಜಾತಿಯ ಹೆಸರನ್ನು ಸ್ಪಷ್ಟವಾಗಿ ಬರೆದಿಡು.

ಈ ಹೂವಿನ ಹಿಂದೆ ಎಷ್ಟು ಜನರ ಕೈ ಇದೆ ಗೊತ್ತಾ? 1699ರಲ್ಲಿ ಸಿಸಿಲಿಯ ಫ್ರಾನ್ಸಿಸ್ಕೊ ಕುಪಾನಿ ಅನ್ನುವ ಸನ್ಯಾಸಿ ಇಂಗ್ಲೆಂಡಿನ ಎನ್‌ಫೀಲ್ಡ್‌ನ ಶಾಲಾಮೇಷ್ಟ್ರು ರಾಬರ್ಟ್ ಯುವೆಡೇಲ್‌ಗೆ ಬೀಜ ಕಳಿಸಿದರು. ಪುಟ್ಟ ಹೂವು, ಭಾರಿ ಪರಿಮಳ. ನಮ್ಮ ಮನೆಯಿಂದ ಹತ್ತು ಮೈಲಿ ಆಚೆ ಇರುವ ವೆಮ್‌ನಲ್ಲಿ ಹೆನ್ರಿ ಎಕ್‌ಫರ್ಡ್ 1888ರಿಂದ ಕೂತು ಅದನ್ನು ದೊಡ್ಡದು ಮಾಡಿದರು. ಡಯಾನಾಳ ತವರುಮನೆ ಆಲ್ಥಾರ್ಪ್‌ನಲ್ಲಿ ತೋಟದ ಮುಖ್ಯಸ್ಥರಾಗಿದ್ದ ಸೈಲಾಸ್ ಕೋಲ್‌ರ ಸಾಲಿನಲ್ಲಿ, ಇಪ್ಪತ್ತನೇ ಶತಮಾನದ ಹೊಸ್ತಿಲಲ್ಲಿ, ನಿರಿಗೆ ದಳದ ಹೂವು ಬಂತು. ನೀನು ಬೆಳೆಯುವುದು ಅದರ ಸಂತಾನ.

ಕಥೆ ಒಂದಿದೆ, ನಾನು ಬೇಜಾರಾದಾಗ ಅದನ್ನು ನೆನೆಸಿಕೊಳ್ಳುತ್ತೇನೆ. 1911ರಲ್ಲಿ ಡೈಲಿ ಮೇಲ್ ಪತ್ರಿಕೆ ಒಳ್ಳೆಯ ಸ್ವೀಟ್ ಪೀ ಗೊಂಚಲಿಗೆ 1,000 ಪೌಂಡ್ ಬಹುಮಾನ ಇಟ್ಟಿತು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ಗೆ ದೇಶದ ಮೂಲೆ ಮೂಲೆಯಿಂದ ಸಾವಿರಾರು ಗೊಂಚಲು ಬಂದವು. ನೀನು ಜನವರಿಯಲ್ಲಿ ಅಪ್ಪನ ಕೈ ಹಿಡಿದು ಹೂವು ನೋಡಿದ ಲಾಲ್‌ಬಾಗಿನ ಗಾಜಿನ ಮನೆಗೂ ಆ ಕಟ್ಟಡವೇ ಮಾದರಿ. ಆ ಬೇಸಿಗೆ ಭಾರಿ ಸುಡುಬಿಸಿಲು. ಮೊದಲ ಬಹುಮಾನ ಬಂದದ್ದು ಸ್ಕಾಟ್ಲೆಂಡಿನ ಸ್ಪ್ರೌಸ್ಟನ್ ಅನ್ನುವ ಹಳ್ಳಿಗೆ, ಪಾದ್ರಿ ಡೆನ್ಹೋಮ್ ಫ್ರೇಸರ್ ಅವರ ಹೆಂಡತಿಗೆ. ಪಾದ್ರಿಗಳಿಗೆ ಮೂರನೆಯದು. ಆ ದುಡ್ಡಿನಿಂದ ಅವರ ಚರ್ಚಿನ ಒಂದು ಭಾಗ ಕಟ್ಟಿಸಿದರು. ಅಷ್ಟು ದೂರ, ಆ ಸೆಕೆಯಲ್ಲಿ ಬಂದರೂ ಹೂವು ಬಾಡಿರಲಿಲ್ಲ. ಆಕೆ ಯಾವ ದಂಟನ್ನು ಇಟ್ಟರು, ಎಷ್ಟನ್ನು ಬಕೆಟ್ಟಿನಲ್ಲೇ ಬಿಟ್ಟರು ಅಂತ ನನಗೆ ನೋಡುವ ಆಸೆ.

ಜೂನ್‌ನಲ್ಲಿ ಗಿಡ ಇಳಿಸುವ ವಾರ ನಾನೇ ರೆಡಿಂಗ್‌ಗೆ, ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ದೊಡ್ಡಪ್ಪ ಮಗುವನ್ನು ನೋಡಿಕೊಳ್ಳುತ್ತಾರೆ. ಮೊದಲ ಗಿಡ ನಾನು ಮಲಗಿಸಿ ತೋರಿಸುತ್ತೇನೆ, ಉಳಿದದ್ದು ನೀನೇ ಮಾಡಬೇಕು. ಪೊಟ್ಟಣದಲ್ಲಿ ಒಂದೊಂದು ಜಾತಿಗೂ ಇಪ್ಪತ್ತು ಬೀಜ ಎಣಿಸಿ ಹಾಕಿದ್ದೇನೆ. ಬಿತ್ತಿದ ದಿನ ರಾತ್ರಿ ಫೋನ್ ಮಾಡು, ಎಷ್ಟು ಊದಿದವು ಅಂತ ಹೇಳು.

ನಿನ್ನ
ದೊಡ್ಡಮ್ಮ