ವಿಷಯ: ನೀರಿನಿಂದ ಡೀಸೆಲ್ ಉಳಿಸುವ ನಿಮ್ಮ ಕಿಟ್ ಮತ್ತು ನನ್ನ 18,500 ರೂಪಾಯಿ

ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಫೋನಿನ ಲೆಕ್ಕ ಬೇರೆ. ಹದಿನಾಲ್ಕು ಸಲ ಮಾಡಿದ್ದೇನೆ. ಹನ್ನೊಂದು ಸಲ ನಿಮ್ಮ ಕಾಲರ್ ಟ್ಯೂನ್ ಕೇಳಿ ಇಟ್ಟೆ. ಮೂರು ಸಲ "ನಾಳೆ ಟೆಕ್ನಿಷಿಯನ್ ಕಾಲ್ ಮಾಡ್ತಾರೆ ಸರ್" ಎಂದಿರಿ. ಹಿಂದೆ ನಮ್ಮ ಕಡೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದು ದೆವ್ವ ಓಡಿಸುತ್ತಿದ್ದರು. ನೀವು ಅದನ್ನೇ ಗ್ರಾಹಕರ ಮೇಲೆ ಪ್ರಯೋಗ ಮಾಡುತ್ತಿದ್ದೀರಿ.

ಮರ್ಯಾದೆಯಿಂದ ಬರೆಯಬೇಕು ಎಂದು ಮಗಳು ಹೇಳಿದ್ದಾಳೆ. ಪ್ರಯತ್ನ ಮಾಡುತ್ತೇನೆ.

ನನ್ನದೊಂದು ಸಣ್ಣ ಗೂಡ್ಸ್ ಗಾಡಿ. ಮುಳಬಾಗಿಲು ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೇಟೊ ಕ್ರೇಟ್ ಹೊಡೆಯುತ್ತೇನೆ. ಸೀಸನ್ನಿನಲ್ಲಿ ದಿನಕ್ಕೆ ಎರಡು ಟ್ರಿಪ್. ಕಳೆದ ವರ್ಷ ನಿಮ್ಮ ಹುಡುಗ ಮಾರ್ಕೆಟ್ ಗೇಟಿನ ಹತ್ತಿರ ಟೇಬಲ್ ಹಾಕಿದ್ದ. ಒಂದು ಪಾರದರ್ಶಕ ಜಾರ್, ಒಳಗೆ ಸ್ಟೀಲ್ ಪ್ಲೇಟುಗಳು, ಬ್ಯಾಟರಿಯಿಂದ ಎರಡು ವೈರು. ನೀರೊಳಗೆ ಗುಳ್ಳೆ ಏಳುತ್ತಿತ್ತು. ಕರೆಂಟು ನೀರನ್ನು ಒಡೆದು ಹೈಡ್ರೋಜನ್ ಗ್ಯಾಸ್ ಮಾಡುತ್ತೆ, ಅದು ಎಂಜಿನ್‌ಗೆ ಹೋಗಿ ಉರಿದರೆ ಡೀಸೆಲ್ ಉಳಿಯುತ್ತೆ ಎಂದ. ಆ ಗ್ಯಾಸನ್ನು ಸೋಪಿನ ನೀರಿಗೆ ಬಿಟ್ಟು, ಮೇಲೆದ್ದ ನೊರೆಗೆ ಕಡ್ಡಿ ಗೀರಿ ಹಿಡಿದ. ಪಟಾಕಿ ಹಾಗೆ ಟಪ್ ಅಂತು. ಸುತ್ತ ನಿಂತಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು. ನನ್ನ 18,500 ರೂಪಾಯಿ ಹೋಗಿದ್ದು ಆ "ಟಪ್"ನಲ್ಲೇ.

ಮೈಲೇಜ್ ಲೆಕ್ಕ ಹೇಗಿಡಬೇಕು ಎನ್ನುವ ನಿಮ್ಮ ವಾರಂಟಿ ಕಾರ್ಡಿನ 7ನೇ ನಿಯಮ ನಿಮಗೆ ಗೊತ್ತಿರಬೇಕು, ಯಾಕೆಂದರೆ ಬರೆದವರು ನೀವೇ. ಆ ನಿಯಮದಲ್ಲಿ ಹೇಳಿದ ಹಾಗೇ ಮಾಡಿದ್ದೇನೆ. ಅರವತ್ತು ದಿನ, ಒಂದೇ ಬಂಕ್, ಪ್ರತಿ ಸಲ ಫುಲ್ ಟ್ಯಾಂಕ್, ಕಿಲೋಮೀಟರ್ ರೀಡಿಂಗ್, ಬಿಲ್ಲು. ಕಿಟ್ ಹಾಕುವ ಮೊದಲು ಲೀಟರಿಗೆ 19.4 ಕಿಲೋಮೀಟರ್ ಕೊಡುತ್ತಿದ್ದ ಗಾಡಿ, ಹಾಕಿದ ಮೇಲೆ 18.9 ಕೊಟ್ಟಿದೆ. ನೀವು ಮೂವತ್ತು ಪರ್ಸೆಂಟ್ ಜಾಸ್ತಿ ಎಂದಿದ್ದಿರಿ. ಜಾಸ್ತಿ ಆಗಿದ್ದು ಡೀಸೆಲ್ ಖರ್ಚು.

ಯಾಕೆ ಹೀಗೆ ಎಂದು ಬಿಎಸ್ಸಿ ಓದುವ ಮಗಳನ್ನು ಕೇಳಿದೆ. ಅವಳು ನಕ್ಕಳು. ಅಪ್ಪಾ, ನೀರು ಅಂದ್ರೆ ಆಗಲೇ ಉರಿದು ಮುಗಿದ ಹೈಡ್ರೋಜನ್, ಬೂದಿ ಇದ್ದ ಹಾಗೆ, ಅದನ್ನ ಮತ್ತೆ ಸೌದೆ ಮಾಡಬೇಕಾದ್ರೆ ಉರಿದಾಗ ಬಂದಷ್ಟು ಶಕ್ತಿಯನ್ನಾದ್ರೂ ವಾಪಸ್ ಕೊಡಬೇಕು ಎಂದಳು. ಒಂದು ಕಿಲೋ ಹೈಡ್ರೋಜನ್ ಎಂಜಿನ್‌ನಲ್ಲಿ ಉರಿದರೆ ಸಿಗುವುದು ಸುಮಾರು 33 ಯೂನಿಟ್. ನೀರನ್ನು ಒಡೆದು ಅದೇ ಒಂದು ಕಿಲೋ ತೆಗೆಯಲು ಒಳ್ಳೆಯ ಫ್ಯಾಕ್ಟರಿಯಲ್ಲೇ 50 ಯೂನಿಟ್ ಕರೆಂಟ್ ಬೇಕಂತೆ. ನಿಮ್ಮ ಜಾರ್ ನನ್ನ ಬ್ಯಾಟರಿಯಿಂದ 10 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಗೆ ಕರೆಂಟ್ ಬರುವುದು ಡೈನಮೋದಿಂದ. ಡೈನಮೋ ತಿರುಗುವುದು ಎಂಜಿನ್‌ನಿಂದ. ಎಂಜಿನ್ ಓಡುವುದು ನಾನು ಬಂಕಿನಲ್ಲಿ ಹಾಕಿಸಿದ ಡೀಸೆಲ್ಲಿನಿಂದ. ನನ್ನ ಜೇಬಿಂದಲೇ ತೆಗೆದು ನನಗೇ ಉಡುಗೊರೆ ಕೊಡುವುದು, ಅದರಲ್ಲೂ ಕಮಿಷನ್ ಹಿಡಿದು. ಅಲ್ವಾ?

ಈಗ ನಾನು ಈ ಪತ್ರ ಬರೆಯಲು ಕಾರಣವಾದ ಆ ಶನಿವಾರದ ವಿಚಾರ. ನಿಮ್ಮ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಬಾಡಿಗೆ ಬಿಟ್ಟು ಬಂದಿದ್ದೆ. ಟೋಕನ್ ನಂಬರ್ 9. ಎರಡು ಗಂಟೆ ಕೂತ ಮೇಲೆ ಕೌಂಟರಿಗೆ ಕರೆದರು. ಮೊಬೈಲಿನಿಂದ ಕಣ್ಣೆತ್ತದೆ ಅಲ್ಲಿದ್ದ ಯುವಕ ಕೇಳಿದ ಮೊದಲ ಪ್ರಶ್ನೆ, "ಯಾವ ನೀರು ಹಾಕಿದ್ರಿ?"

"ಡಿಸ್ಟಿಲ್ಡ್ ವಾಟರ್" ಎಂದೆ.

"ನಿಜ ಹೇಳಿ ಅಂಕಲ್. ಕೋಲಾರ ಅಂತೀರ. ಬೋರ್ ನೀರು ತಾನೇ?"

ಹಿಂದೆ ಕೂತಿದ್ದ ಇಬ್ಬರು ನಕ್ಕರು. ಬ್ಯಾಟರಿ ಅಂಗಡಿಯ ಬಿಲ್ ತೋರಿಸಿದೆ. ಅದನ್ನು ಬೆಳಕಿಗೆ ಹಿಡಿದು, ನೋಟು ಪರೀಕ್ಷೆ ಮಾಡುವ ಹಾಗೆ ನೋಡಿದ. ಆಮೇಲೆ ನಾನು ತಂದಿದ್ದ ಜಾರನ್ನು ಎತ್ತಿದ. ಒಳಗಿನ ನೀರು ರಾಗಿ ಅಂಬಲಿ ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ಕಂದು ಗಸಿ. ನಿಮ್ಮ "ತುಕ್ಕು ಹಿಡಿಯದ" ಪ್ಲೇಟಿನದೇ ಗಸಿ. ಅವನು ಮೂಗು ಮುಚ್ಚಿಕೊಂಡು, "ಇದನ್ನ ಇಲ್ಲಿ ಯಾಕೆ ತಂದ್ರಿ" ಎಂದ. ಇನ್ನೆಲ್ಲಿಗೆ ಒಯ್ಯಬೇಕಿತ್ತು, ಗಂಗೆಗಾ?

ಮೈಲೇಜ್ ಪುಸ್ತಕ ಮುಂದಿಟ್ಟೆ. ಎರಡು ಪುಟ ತಿರುಗಿಸಿ, "ಯಾರು ಬರೆದಿದ್ದು?" ಎಂದ. ನಾನೇ ಎಂದೆ. "ಎಷ್ಟು ಓದಿದ್ದೀರ?" ಎಂದ. ಎಸ್ಸೆಸ್ಸೆಲ್ಸಿ ಎಂದೆ. ಅವನು ಪುಸ್ತಕ ಮುಚ್ಚಿ ಪಕ್ಕಕ್ಕೆ ಸರಿಸಿದ. ಕಿಲೋಮೀಟರನ್ನು ಲೀಟರಿನಿಂದ ಭಾಗಿಸಲು ಯಾವ ಡಿಗ್ರಿ ಬೇಕು ಎಂದು ದಯವಿಟ್ಟು ಮರು ಟಪಾಲಿನಲ್ಲಿ ತಿಳಿಸಿ.

ಕೊನೆಗೆ ಅವನು ಹೇಳಿದ್ದು ಇದು: "ಅಂಕಲ್, ಇದು ಎನರ್ಜಿ ಪ್ರಾಡಕ್ಟ್. ನೀವು ಡೌಟ್ ಇಟ್ಕೊಂಡು ಓಡಿಸಿದ್ರೆ ಹೆಂಗೆ ವರ್ಕ್ ಆಗುತ್ತೆ? ನಿಮ್ಮ ಮೈಂಡೇ ನೆಗೆಟಿವ್." ಮೂವತ್ತು ವರ್ಷ ಗಾಡಿ ಓಡಿಸಿದ್ದೇನೆ. ಮಾಲೀಕನ ಮನಸ್ಸು ನೋಡಿ ಮೈಲೇಜ್ ಕೊಡುವ ಎಂಜಿನ್ ಇದುವರೆಗೆ ಕಂಡಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಸುಮ್ನೆ ಇರುತ್ತಿದ್ದೆನೇನೋ. ದುಡ್ಡು ವಾಪಸ್ ಕೇಳಿದ್ದಕ್ಕೆ ಎಕ್ಸ್‌ಚೇಂಜ್ ಆಫರ್ ಮುಂದಿಟ್ಟ. ಇನ್ನೂ 22,000 ಕಟ್ಟಿದರೆ ಬೆಳದಿಂಗಳಲ್ಲೂ ಕರೆಂಟ್ ಕೊಡುವ ನಿಮ್ಮ ಹೊಸ ಸೋಲಾರ್ ಪ್ಯಾನೆಲ್ ಕೊಡುತ್ತಾರಂತೆ!

ನಾನು ಸೋಲಾರ್ ವಿರೋಧಿ ಅಲ್ಲ. ನಮ್ಮ ಮನೆ ಮೇಲೆ ನೀರು ಕಾಯಿಸುವ ಸೋಲಾರ್ ಹಾಕಿ ಹನ್ನೆರಡು ವರ್ಷವಾಯಿತು, ಚೆನ್ನಾಗಿದೆ. ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಎಂಜಿನ್ ಓಡುತ್ತದೆ ಎಂದರೂ ನಂಬುತ್ತೇನೆ, ಅದರಲ್ಲಿ ಉರಿಯುವ ಸರಕಿದೆ. ಆದರೆ ಹುಣ್ಣಿಮೆ ಬೆಳಕು ಬಿಸಿಲಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಕಡಿಮೆ. ಪಾವಗಡದ ಸೋಲಾರ್ ಪಾರ್ಕ್ 13,000 ಎಕರೆ, 2,050 ಮೆಗಾವಾಟ್. ಆ ಪೂರ್ತಿ ಪಾರ್ಕಿಗೆ ಹುಣ್ಣಿಮೆ ರಾತ್ರಿ ನಿಮ್ಮ ಲೆಕ್ಕ ಹಾಕಿದರೂ ಹೆಚ್ಚೆಂದರೆ 5 ಕಿಲೋವಾಟ್. ಎರಡು ಬಾತ್‌ರೂಮ್ ಗೀಸರ್ ಓಡಬಹುದು. ನೀವು ಕೊಡುವುದು ಒಂದು ಪ್ಯಾನೆಲ್. ಅದರಲ್ಲಿ ಏನು ಮಾಡಲಿ, ಮಿಂಚುಹುಳಕ್ಕೆ ಚಾರ್ಜ್ ಮಾಡಲಾ?

ನಿಮ್ಮ ಬ್ರೋಷರಿನಲ್ಲಿ ಐಎಸ್‌ಒ 9001 ಮುದ್ರೆ ಇದೆ. ಅದು ಕಂಪನಿಯ ಕೆಲಸದ ಪದ್ಧತಿಗೆ ಕೊಡುವ ಸರ್ಟಿಫಿಕೇಟ್, ನಿಮ್ಮ ಜಾರ್‌ಗಲ್ಲ. ನೀರಿನಿಂದ ಕಾರು ಓಡಿಸುತ್ತೇನೆ ಎಂದ ಅಮೆರಿಕದ ಸ್ಟ್ಯಾನ್ಲಿ ಮೇಯರ್ ಎಂಬುವನಿಗೆ 1996ರಲ್ಲೇ ಒಹಾಯೊ ಕೋರ್ಟ್ ಇದು ಘೋರ ವಂಚನೆ ಎಂದು ಹೇಳಿ, ದುಡ್ಡು ಹಾಕಿದವರಿಗೆ ವಾಪಸ್ ಕೊಡಿಸಿತು. ಅದೇ ವರ್ಷ ಪಕ್ಕದ ತಮಿಳುನಾಡಿನಲ್ಲಿ ಗಿಡಮೂಲಿಕೆ ಪೆಟ್ರೋಲ್ ಎಂದು ರಾಮರ್ ಪಿಳ್ಳೈ ಹೆಸರು ಮಾಡಿದ್ದು ನಮ್ಮ ಕಡೆಯ ಹಳೇ ಡ್ರೈವರ್‌ಗಳಿಗೆ ನೆನಪಿದೆ. 2016ರಲ್ಲಿ ಚೆನ್ನೈ ಕೋರ್ಟ್ ಮೂರು ವರ್ಷ ಶಿಕ್ಷೆ ಹಾಕಿತು. ಇದನ್ನೆಲ್ಲ ಕಿಟ್ ಕೊಳ್ಳುವ ಮೊದಲು ಓದಬೇಕಿತ್ತು. ಆ ತಪ್ಪು ನನ್ನದು, ಒಪ್ಪುತ್ತೇನೆ.

ಹದಿನೈದು ದಿನ ಕೊಡುತ್ತೇನೆ. ಆಮೇಲೆ ಕೋಲಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಫೀಸೂ ಇಲ್ಲ. ಸುಳ್ಳು ಜಾಹೀರಾತಿಗೆ ಹತ್ತು ಲಕ್ಷದವರೆಗೆ ದಂಡ ಹಾಕಬಹುದು ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ. ಆರ್‌ಟಿಓಗೂ ಬರೆಯುತ್ತೇನೆ. ಒಪ್ಪಿಗೆಯಿಲ್ಲದೆ ಗಾಡಿಗೆ ಇಂಥದ್ದು ಜೋಡಿಸಿದ್ದಕ್ಕೆ ಮೊದಲು ನನಗೇ ದಂಡ ಬೀಳಬಹುದು ಎಂದು ಮಗಳು ಎಚ್ಚರಿಸಿದ್ದಾಳೆ. ಬೀಳಲಿ.

ನಿಜ ಹೇಳಬೇಕೆಂದರೆ ಆ 18,500 ಈಗ ನೀವು ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಜಾರ್ ನನ್ನ ಹತ್ತಿರವೇ ಇದೆ. ಗಸಿ ಚೆಲ್ಲಿಲ್ಲ. ನಿಮ್ಮ ಸ್ಟಿಕ್ಕರ್ ಕೂಡ ಕಿತ್ತಿಲ್ಲ. ಸೋಮವಾರದಿಂದ ಬೆಳಗಿನ ಜಾವ ನಾಲ್ಕಕ್ಕೆ, ಎಪಿಎಂಸಿ ಗೇಟಿನಲ್ಲಿ, ನಿಮ್ಮ ಹುಡುಗ ಟೇಬಲ್ ಹಾಕಿದ್ದ ಜಾಗದಲ್ಲೇ ಇಡುತ್ತೇನೆ. ಪಕ್ಕದಲ್ಲಿ ಮೈಲೇಜ್ ಪುಸ್ತಕ. ಲಾರಿಯವರು ಟೀ ಕುಡಿಯಲು ನಿಲ್ಲುವುದು ಅಲ್ಲೇ.

ಇಂತಿ,
ನಿಮ್ಮ ನೆಗೆಟಿವ್ ಗ್ರಾಹಕ
(ಟೋಕನ್ ನಂಬರ್ 9)

ಲಗತ್ತು: ಬಿಲ್ಲು, ವಾರಂಟಿ ಕಾರ್ಡ್, ಅರವತ್ತು ದಿನದ ಮೈಲೇಜ್ ಪುಸ್ತಕದ ಜೆರಾಕ್ಸ್, ಅಂಬಲಿ ಬಣ್ಣದ ನೀರಿನ ಫೋಟೋ ಮೂರು.