ಪುಟ್ಟಿ, ಸಹಿ ಹಾಕುವ ಮುಂಚೆ ಈ ಕಾಗದ ಓದು

ಪ್ರೀತಿಯ ಪುಟ್ಟಿಗೆ,

ಹಾಸನದಿಂದ ನಿನ್ನ ಮಾವನ ಆಶೀರ್ವಾದಗಳು.

ನಿನ್ನೆ ನೀನು ಫೋನ್ ಮಾಡಿ ವಿಷಯ ಹೇಳಿದ ಮೇಲೆ ಖುಷಿಗೆ ನಿದ್ದೆಯೇ ಹತ್ತಲಿಲ್ಲ. ಕಣದಲ್ಲಿ ಕಾಫಿ ತಿರುವುವ ನಿನ್ನ ಗಾಡಿಯನ್ನು ತಾವು ಮಾಡಿ ಮಾರುತ್ತೇವೆ ಅಂತ ಒಂದು ಕಂಪನಿ ಹುಡುಕಿಕೊಂಡು ಮೂಡಿಗೆರೆವರೆಗೆ ಬಂದಿದೆ ಅಂದರೆ ಸಣ್ಣ ಮಾತಲ್ಲ. ಹೋದ ಕುಯ್ಲಿನಲ್ಲಿ ನಾನೇ ನೋಡಿದ್ದೆ. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದು ಸಿಪ್ಪೆ ಸಮೇತ ಒಣಹಾಕಿದ ಕಾಫಿ, ಅದರ ಮೇಲೆ ಅಷ್ಟು ಸಲ ಓಡಾಡಿದರೂ ಕಾಳಿನ ಸಿಪ್ಪೆ ಒಡೆದಿರಲಿಲ್ಲ. ದಿನವಿಡೀ ಬಿಸಿಲಲ್ಲಿ ಹಲಗೆ ಎಳೆಯುತ್ತಿದ್ದ ಹೆಂಗಸರು ಅವತ್ತು ನೆರಳಲ್ಲಿ ಕೂತು ನಿನ್ನನ್ನೇ ನೋಡುತ್ತಿದ್ದರು.

"ಗಾಡಿ ಮಾರಿದಾಗೆಲ್ಲ ನೂರಕ್ಕೆ ನಾಲ್ಕು ರಾಯಲ್ಟಿ ಕೊಡ್ತಾರಂತೆ ಮಾವ, ಮೊದಲೇ ಒಂದು ಲಕ್ಷ ಅಡ್ವಾನ್ಸ್" ಅಂದೆ. ನಾನು "ಒಳ್ಳೇದು" ಅಂದು ಫೋನ್ ಇಟ್ಟೆ. ಹೇಳುವುದು ಬಹಳ ಇತ್ತು. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಹುಟ್ಟುವ ಮುಂಚೆ ನಾನೂ ಒಂದು ಪೇಟೆಂಟ್ ತೆಗೆದುಕೊಂಡಿದ್ದೆ. ನಿನಗೆ ಇದು ಗೊತ್ತಿಲ್ಲ, ಯಾರಿಗೂ ಜಾಸ್ತಿ ಹೇಳಿಲ್ಲ. ಸಕಲೇಶಪುರದ ಕಡೆಯಿಂದ ನನ್ನ ಲೇತ್ ಅಂಗಡಿಗೆ ಮೆಣಸು ಬಿಡಿಸುವ ಯಂತ್ರಗಳು ರಿಪೇರಿಗೆ ಬರುತ್ತಿದ್ದವು. ಅವುಗಳಲ್ಲಿ ಕಾಳು ತುಂಬಾ ಒಡೆಯುತ್ತಿತ್ತು. ಡ್ರಮ್ಮಿನ ಒಳಗೆ ರಬ್ಬರ್ ಪಟ್ಟಿಗಳನ್ನು ಓರೆಯಾಗಿ ಕೂರಿಸಿ ಅದನ್ನು ಸರಿಮಾಡಿದ್ದೆ. ಒಂದು ಕಂಪನಿಯವರು ಬಂದರು. ನೂರಕ್ಕೆ ಐದು ಅಂದರು. ಅಡ್ವಾನ್ಸ್ ಕೊಟ್ಟರು, ಆ ದುಡ್ಡಲ್ಲಿ ನಿನ್ನ ಅಜ್ಜಿಯ ಕಣ್ಣಿನ ಆಪರೇಷನ್ ಆಯಿತು. ಕರಾರಿನಲ್ಲಿ 'ಎಕ್ಸ್‌ಕ್ಲೂಸಿವ್' ಅನ್ನುವ ಒಂದು ಪದ ಇತ್ತು. ಅಂದರೆ ಅವರನ್ನು ಬಿಟ್ಟು ಇನ್ಯಾರಿಗೂ ಕೊಡುವ ಹಾಗಿಲ್ಲ. ನಾನೂ ಮಾಡುವ ಹಾಗಿಲ್ಲ.

ಅವರು ಒಂದೇ ಒಂದು ಯಂತ್ರ ಮಾಡಲಿಲ್ಲ. ಅವರ ಹಳೇ ಮಾಡೆಲ್ ಚೆನ್ನಾಗಿಯೇ ಮಾರಾಟವಾಗುತ್ತಿತ್ತು. ನನ್ನದು ಬೇರೆಯವರ ಕೈಗೆ ಹೋಗದಿದ್ದರೆ ಅವರಿಗೆ ಅಷ್ಟೇ ಸಾಕಿತ್ತು. ಮಾರಾಟವೇ ಇಲ್ಲದ ಮೇಲೆ ನೂರಕ್ಕೆ ಐದಾದರೇನು, ಐವತ್ತಾದರೇನು? ಆ ವರ್ಷಗಳಲ್ಲೆಲ್ಲ ಸಣ್ಣ ತೋಟದ ಜನ ಮೆಣಸನ್ನು ಕಾಲಲ್ಲೇ ತುಳಿದು ಬಿಡಿಸುತ್ತಿದ್ದರು. ಅದು ಕಣ್ಣಿಗೆ ಬಿದ್ದಾಗೆಲ್ಲ ಸಂಕಟ ಆಗುತ್ತಿತ್ತು. ದುಡ್ಡು ಹೋದದ್ದಕ್ಕಿಂತ ಆ ಸಂಕಟ ದೊಡ್ಡದು, ಪುಟ್ಟಿ.

ಅದಕ್ಕೇ ಹೇಳುತ್ತಿದ್ದೇನೆ. ನಾಲ್ಕನ್ನು ಐದು ಮಾಡಿಸೋಕೆ ಹೋರಾಡಬೇಡ. ಎರಡು ಸಾಲು ಬರೆಸು. ಯಂತ್ರ ಮಾರಲಿ ಬಿಡಲಿ, ವರ್ಷಕ್ಕೆ ಇಷ್ಟು ರಾಯಲ್ಟಿ ಕೊಡಲೇಬೇಕು ಅನ್ನುವುದು ಒಂದು. ಇಷ್ಟರೊಳಗೆ ಯಂತ್ರ ಮಾಡಿ ಮಾರದಿದ್ದರೆ ಹಕ್ಕು ನನಗೆ ವಾಪಸ್ ಅನ್ನುವುದು ಇನ್ನೊಂದು. ಈ ಗಡುವನ್ನು ತಿಂಗಳಲ್ಲಿ ಬರೆಸಬೇಡ, ಕುಯ್ಲಿನ ಲೆಕ್ಕದಲ್ಲಿ ಬರೆಸು. ಅರೇಬಿಕಾ ನವೆಂಬರ್ ಹೊತ್ತಿಗೆ ಕಣಕ್ಕೆ ಬರುತ್ತದೆ, ರೊಬಸ್ಟಾ ಮಾರ್ಚ್‌ಗೆ ಮುಗಿಯುತ್ತದೆ. ಅಕ್ಟೋಬರ್ ಒಳಗೆ ಯಂತ್ರ ಅಂಗಡಿಗೆ ಬರದಿದ್ದರೆ ಆ ವರ್ಷ ಹೋದಹಾಗೆ. ಪೇಟೆಂಟಿನ ಆಯಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. ನಿನ್ನ ಗಡಿಯಾರ ಈಗಾಗಲೇ ಓಡುತ್ತಿದೆ.

ಮಾಡದೆ ಸುಮ್ನೆ ಇಟ್ಟುಕೊಂಡರೆ ಕಾನೂನು ಇಲ್ವಾ ಅಂತ ಕೇಳಬಹುದು. ಇದೆ. ಪೇಟೆಂಟ್ ಸಿಕ್ಕಿ ಮೂರು ವರ್ಷ ಆದ ಮೇಲೆ ಬೇರೆಯವರು ಕಡ್ಡಾಯ ಲೈಸೆನ್ಸ್, ಅಂದರೆ ಹಕ್ಕುದಾರರು ಒಪ್ಪದಿದ್ದರೂ ಅದನ್ನು ಮಾಡಿ ಮಾರುವ ಅನುಮತಿ, ಕೇಳಬಹುದು. ನಮ್ಮ ದೇಶದಲ್ಲಿ ಮೊದಲ ಸಲ ಅಂಥದ್ದು ಕೊಟ್ಟದ್ದು 2012ರಲ್ಲಿ, ಒಂದು ಕ್ಯಾನ್ಸರ್ ಔಷಧಿಗೆ. ಕಾಫಿ ಗಾಡಿಗೆ ಯಾರು ಅಷ್ಟು ದೂರ ಹೋಗುತ್ತಾರೆ ಹೇಳು. ಕರಾರಿನ ಸಾಲೇ ನಿನಗೆ ಆಸರೆ.

ಎಕ್ಸ್‌ಕ್ಲೂಸಿವ್ ಕೊಡಲೇಬೇಕು ಅಂತ ಅವರು ಹಟ ಹಿಡಿದರೆ ಕಾಫಿಗೆ ಮಾತ್ರ ಕೊಡು. ಭತ್ತ, ಅಡಿಕೆ ಒಣಗಿಸುವ ಕಣಗಳೂ ಇವೆಯಲ್ಲ, ಅವನ್ನು ನಿನ್ನ ಕೈಯಲ್ಲೇ ಇಟ್ಟುಕೋ.

ಇನ್ನು ಆ ನಾಲ್ಕರ ವಿಷಯ. ನಿಮ್ಮಪ್ಪ ಕಾಫಿ ಕೊಡುವಾಗ ರೇಟ್ ಒಂದನ್ನೇ ಕೇಳುತ್ತಾರಾ? ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜ, ಎಷ್ಟು ಹಿಡಿಯುತ್ತೀರಿ, ಮಾಯಿಶ್ಚರ್‌ಗೆ, ಅಂದರೆ ತೇವಕ್ಕೆ, ಎಷ್ಟು ಮುರಿಯುತ್ತೀರಿ ಅಂತ ಮೊದಲು ಕೇಳುತ್ತಾರೆ. ಇದೂ ಹಾಗೆಯೇ. ನಾಲ್ಕು ಸರಿ, ಯಾವುದರ ಮೇಲೆ ನಾಲ್ಕು? ಕಂಪನಿ ಡೀಲರ್‌ಗೆ ಯಂತ್ರವನ್ನು 40,000ಕ್ಕೆ ಕೊಡುತ್ತದೆ ಅಂದುಕೋ. ಬಿಲ್ಲಿನ ಮೇಲೆ ಲೆಕ್ಕ ಹಾಕಿದರೆ ನಿನಗೆ 1,600 ರೂಪಾಯಿ. ಕರಾರಿನಲ್ಲಿ 'ನೆಟ್' ಅಂತ ಬರೆದು ಸಾಗಣೆ, ಕಮಿಷನ್, ಡಿಸ್ಕೌಂಟ್, ವಾರಂಟಿ ಎಲ್ಲ ಕಳೆದು 30,000ಕ್ಕೆ ಇಳಿಸಿದರೆ 1,200. ಇನ್ನೂರು ಯಂತ್ರಕ್ಕೆ 80,000 ರೂಪಾಯಿ ವ್ಯತ್ಯಾಸ. ಅವರದೇ ಇನ್ನೊಂದು ಕಂಪನಿಗೆ ಕಡಿಮೆ ಬೆಲೆಗೆ ಬಿಲ್ ಮಾಡಿ, ಅಲ್ಲಿಂದ ಪೂರ್ತಿ ಬೆಲೆಗೆ ಮಾರುವವರೂ ಇದ್ದಾರೆ. ಜಿಎಸ್‌ಟಿ ಬಿಟ್ಟು ಬೇರೇನೂ ಕಳೆಯಬಾರದು, ಹೊರಗಿನವರಿಗೆ ಮಾರಿದ ಮೊದಲ ಬಿಲ್ಲೇ ಲೆಕ್ಕ ಅಂತ ಬರೆಸು. ಯಂತ್ರಕ್ಕೆ ಇಷ್ಟು ರೂಪಾಯಿ ಅಂತ ನಿಗದಿ ಮಾಡಿ, ವರ್ಷ ವರ್ಷ ಏರುವ ಹಾಗೆ ಬರೆಸಿದರೂ ಆಗುತ್ತದೆ. ನನಗೆ ಅದೇ ಜಾಸ್ತಿ ಇಷ್ಟ, ತಕರಾರು ಕಡಿಮೆ. ವರ್ಷಕ್ಕೊಮ್ಮೆ ನಿನ್ನ ಆಡಿಟರ್ ಅವರ ಪುಸ್ತಕ ನೋಡುವ ಹಕ್ಕೂ ಇರಲಿ.

ಕರಾರಿನಲ್ಲಿ 'ಅಸೈನ್‌ಮೆಂಟ್' ಅನ್ನುವ ಪದ ಎಲ್ಲಾದರೂ ಇದೆಯಾ ನೋಡು. ಲೈಸೆನ್ಸ್ ಅಂದರೆ ತೋಟ ಗುತ್ತಿಗೆಗೆ ಕೊಟ್ಟ ಹಾಗೆ. ಅಸೈನ್‌ಮೆಂಟ್ ಅಂದರೆ ಕ್ರಯಕ್ಕೆ ಕೊಟ್ಟ ಹಾಗೆ. ಒಂದು ಲಕ್ಷದ ಅಡ್ವಾನ್ಸಿಗೆ ಕ್ರಯ ಬರೆದುಕೊಡಬೇಡ.

ಒಂದು ಮಾತು ನಿನ್ನೆ ಕೇಳಲು ಮರೆತೆ. ಗಾಡಿಯ ಹಲ್ಲಿಗೆ ಸ್ಪ್ರಿಂಗ್ ಹಾಕುವ ಯೋಚನೆ ಬಣಕಲ್‌ನ ಆ ವೆಲ್ಡರ್‌ದು ಅಂತ ನೀನೇ ಹೇಳಿದ್ದೆ. ಕಾಳು ಒಡೆಯದಿರುವುದು ಅದರಿಂದಲೇ ಅಲ್ವಾ? ಹಾಗಿದ್ದರೆ ಅರ್ಜಿಯಲ್ಲಿ ಅವರ ಹೆಸರೂ ಇರಬೇಕು. ಬಿಟ್ಟುಹೋಗಿದ್ದರೆ ಈಗಲೇ ಸೇರಿಸು. ಇಬ್ಬರೂ ಹಕ್ಕುದಾರರಾದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಕಾಯ್ದೆ ಪ್ರಕಾರ ಸಮಪಾಲು. ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಲೈಸೆನ್ಸ್ ಕೊಡುವ ಹಾಗಿಲ್ಲ. ಆದ್ದರಿಂದ ಕಂಪನಿ ಜೊತೆ ಕೂರುವ ಮುಂಚೆ ಅವರ ಜೊತೆ ಕೂತು ಪಾಲು ಎಷ್ಟು ಅಂತ ಬರೆದುಕೋ. ಕಾಯ್ದೆ ಹೇಳದಿದ್ದರೂ ನೀನು ಇದನ್ನು ಮಾಡಬೇಕು. ಕೂಲಿ ಕೊಟ್ಟೆನಲ್ಲ ಅನ್ನಬೇಡ. ವೆಲ್ಡಿಂಗಿಗೆ ಕೂಲಿ ಕೊಟ್ಟೆ, ಯೋಚನೆಗೆ ಕೊಟ್ಟಿಲ್ಲ.

ಪ್ರೊವಿಷನಲ್, ಅಂದರೆ ತಾತ್ಕಾಲಿಕ, ಅರ್ಜಿ ಹಾಕಿ ಒಂಬತ್ತು ತಿಂಗಳಾಯಿತು ಅಂದೆ. ಹಾಕಿದ ದಿನದಿಂದ 12 ತಿಂಗಳೊಳಗೆ ಪೂರ್ತಿ ವಿವರದ ಅರ್ಜಿ ಹೋಗದಿದ್ದರೆ ಅದು ಬಿದ್ದುಹೋಗುತ್ತದೆ. ಕಂಪನಿ ಮಾತುಕತೆಯ ಗಲಾಟೆಯಲ್ಲಿ ಆ ದಿನ ತಪ್ಪಿಸಿಕೊಳ್ಳಬೇಡ. ಹೊಸದಾಗಿ ಮಾಡಿದ ಬ್ಯಾಟರಿ ಜೋಡಣೆ ಮೊದಲ ಅರ್ಜಿಯಲ್ಲಿ ಇಲ್ಲ. ಅದಕ್ಕೂ ಅರ್ಜಿ ಹೋಗುವವರೆಗೆ ಕಂಪನಿಗೂ ತೋರಿಸಬೇಡ, ಕೃಷಿ ಮೇಳಕ್ಕೂ ಒಯ್ಯಬೇಡ. ಮುಂದೆ ನೀನು ಮಾಡುವ ಸುಧಾರಣೆ ಎಲ್ಲ ನಮಗೇ ಸೇರಬೇಕು ಅಂತ ಅವರು ಬರೆದಿದ್ದರೆ ಧೈರ್ಯವಾಗಿ ಹೊಡೆದುಹಾಕು. ನಮ್ಮ ಪೇಟೆಂಟ್ ಕಾಯ್ದೆಯಲ್ಲಿ ಅಂಥ ಷರತ್ತು ಊರ್ಜಿತವೇ ಅಲ್ಲ. ಬಾಯಿಮಾತಿನ ಲೈಸೆನ್ಸಿಗೂ ಬೆಲೆ ಇಲ್ಲ. ಕರಾರು ಬರವಣಿಗೆಯಲ್ಲೇ ಇರಬೇಕು, ಆಮೇಲೆ ಅದನ್ನು ಪೇಟೆಂಟ್ ಕಚೇರಿಯ ರಿಜಿಸ್ಟರಿನಲ್ಲಿ ದಾಖಲು ಮಾಡಿಸಬೇಕು. ಕರ್ನಾಟಕದವರಿಗೆ ಚೆನ್ನೈ ಕಚೇರಿ. ಮೂರನೇ ವರ್ಷದಿಂದ ನವೀಕರಣದ ಫೀಸು ಬರುತ್ತದೆ. ಮೊದಲ ಕೆಲವು ವರ್ಷ ನಿನ್ನಂಥ ವ್ಯಕ್ತಿಗಳಿಗೆ ವರ್ಷಕ್ಕೆ 800 ರೂಪಾಯಿ ಅಷ್ಟೇ. ಅದನ್ನು ಕಂಪನಿ ಮೇಲೆ ಬಿಡದೆ ನೀನೇ ಕಟ್ಟು. ಕಟ್ಟದೆ ಬಿಟ್ಟರೆ ಪೇಟೆಂಟೇ ಸತ್ತುಹೋಗುತ್ತದೆ.

ಅಡ್ವಾನ್ಸ್ ಇನ್ನೂ ತೆಗೆದುಕೊಂಡಿಲ್ಲ ತಾನೇ? ತೆಗೆದುಕೊಳ್ಳಬೇಡ. ಭಾನುವಾರ ಬೆಳಗಿನ ಬಸ್ಸಿಗೆ ಬೇಲೂರು ಮೇಲೆ ಹಾಸನಕ್ಕೆ ಬಾ. ಕರಾರಿನ ಎಲ್ಲ ಪುಟಗಳನ್ನೂ ತಾ, ಹಿಂದೆ ಸಣ್ಣ ಅಕ್ಷರದಲ್ಲಿ ಲಗತ್ತಿಸಿದ್ದನ್ನೂ ಬಿಡಬೇಡ. ಸಾಲು ಸಾಲಾಗಿ ಕೂತು ಓದೋಣ, ಆಮೇಲೆ ವಕೀಲರಿಗೆ ತೋರಿಸೋಣ. ನನ್ನ ಹಳೇ ಕರಾರನ್ನೂ ಪೆಟ್ಟಿಗೆಯಿಂದ ತೆಗೆದಿಟ್ಟಿದ್ದೇನೆ, ಪಕ್ಕದಲ್ಲಿ ಇಟ್ಟುಕೊಂಡು ನೋಡು. ವೆಲ್ಡರ್ ಅಣ್ಣನನ್ನೂ ಕರೆದುಕೊಂಡು ಬಾ. ಮೂರು ಜನಕ್ಕೂ ಅಡುಗೆ ಮಾಡುತ್ತೇನೆ ಅಂತ ಅತ್ತೆ ಹೇಳಿದ್ದಾಳೆ.

ಇಂತಿ,
ನಿನ್ನ ಮಾವ